ಸೀಬೆ ಕೊಂಬೆ ಬಗ್ಗಿಸಿ ಚಳಿಗಾಲದ ಫಸಲು ತೆಗೆಯುವ ಬಗೆ

ಸೀಬೆ ಹೂ ಬಿಡುವುದು ಹೊಸದಾಗಿ ಒಡೆದ ಚಿಗುರಿನ ಎಲೆಕಂಕುಳಲ್ಲಿ. ಚಿಗುರಿಲ್ಲದಿದ್ದರೆ ಕಾಯಿಯೂ ಇಲ್ಲ. ನೆಟ್ಟಗೆ ಮೇಲೇರುವ ಕೊಂಬೆಯಲ್ಲಿ ತುದಿಮೊಗ್ಗು ಕೆಳಗಿನ ಮೊಗ್ಗುಗಳನ್ನು ಏಳಗೊಡುವುದಿಲ್ಲ. ಕೊಂಬೆ ಮಲಗಿಸಿದರೆ ಆ ಹಿಡಿತ ಸಡಿಲವಾಗಿ ಪಕ್ಕದ ಮೊಗ್ಗುಗಳು ಒಡೆಯುತ್ತವೆ. ಬಂಗಾಳದ ಬಾರುಯಿಪುರದ ಕಡೆ ಇದು ಹಳೆಯ ರೂಢಿ.

ನಮ್ಮ ಬಯಲುಸೀಮೆಗೆ ಮೇ ಕೊನೆ ಅಥವಾ ಜೂನ್ ಮೊದಲ ವಾರ ಒಳ್ಳೆಯದು. ಆರರಿಂದ ಎಂಟು ವಾರದಲ್ಲಿ ಹೂ, ನವೆಂಬರ್ ಕೊನೆಯಿಂದ ಹಣ್ಣು. ಮಳೆಗಾಲದ ಹಣ್ಣಿಗೆ ಹಣ್ಣುನೊಣದ ಕಾಟ ವಿಪರೀತ. ಈ ಫಸಲು ಅದರಿಂದ ಬಹುಪಾಲು ಪಾರಾಗುತ್ತದೆ.

ಗಿಡಕ್ಕೆ ಎರಡು ವರ್ಷ ದಾಟಿರಬೇಕು, ಕೊಂಬೆ ಹೆಬ್ಬೆರಳ ದಪ್ಪಕ್ಕಿಂತ ಹೆಚ್ಚಿರಬಾರದು. ಎರಡು ವಾರ ಮೊದಲೇ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಹಾಯಿಸಿ. ಬಗ್ಗಿಸುವ ದಿನ ಮಾತ್ರ ನೀರು ಬೇಡ. ಬೆಳಗಿನ ಹೊತ್ತು ನೀರುಂಡು ಬಿಗಿದ ಕೊಂಬೆ ಲಟಕ್ಕನೆ ಮುರಿಯುತ್ತದೆ, ಮಧ್ಯಾಹ್ನದ ಮೇಲೆ ಬಳುಕುತ್ತದೆ. ತುದಿಯ ಹತ್ತು ಹನ್ನೆರಡು ಜೊತೆ ಎಲೆ ಉಳಿಸಿ, ಕೆಳಗಿನ ಎಲೆ, ಸಣ್ಣ ರೆಂಬೆ, ಹೂ, ಕಾಯಿ ಎಲ್ಲ ತೆಗೆಯಿರಿ. ಇರುವ ನಾಲ್ಕು ಕಾಯಿಯ ಆಸೆಗೆ ಬಿದ್ದರೆ ಚಿಗುರು ಸೊರಗುತ್ತದೆ.

ಇನ್ನು ಬಗ್ಗಿಸುವುದು. ಒಂದು ಕೈ ಕೊಂಬೆಯ ಬುಡದಲ್ಲಿ ಒತ್ತಿ ಹಿಡಿದಿರಲಿ, ಇನ್ನೊಂದು ಕೈಯಲ್ಲಿ ನಿಧಾನಕ್ಕೆ ಇಳಿಸುತ್ತ ಬನ್ನಿ. ಸೀಳುವುದು ಯಾವಾಗಲೂ ಕವಲಿನಲ್ಲಿ, ಹಾಗಾಗಿ ಕಡಿದಾದ ಕವಲಿದ್ದರೆ ಮೊದಲು ಅದಕ್ಕೊಂದು ಹಗ್ಗ ಸುತ್ತಿ. ತುಂಬ ಜನ ತುದಿಯನ್ನಷ್ಟೇ ನೆಲಕ್ಕೆಳೆದು ಕಟ್ಟಿಬಿಡುತ್ತಾರೆ. ಆಗ ಕೊಂಬೆ ಕಮಾನಾಗಿ, ಅದರ ನೆತ್ತಿಯಲ್ಲಿ ಮಾತ್ರ ನಾಲ್ಕೈದು ಕೊಬ್ಬಿದ ಚಿಗುರು ಎದ್ದು, ಉಳಿದ ಉದ್ದವೆಲ್ಲ ಬೋಳು! ಬುಡದಿಂದಲೇ ಮಲಗಿಸಿ, ನೆಲಕ್ಕೆ ಸಮನಾಗಿ, ತುದಿ ಒಂದಿಷ್ಟು ತಗ್ಗಿರುವಂತೆ ಕಟ್ಟಿ. ಸುತಳಿಯ ಕುಣಿಕೆ ಸಡಿಲವಿದ್ದು, ಗೂಟ ಮಾತ್ರ ಗಟ್ಟಿಯಾಗಿ ಒಂದಡಿ ಒಳಗಿಳಿದಿರಲಿ. ತಂತಿ ಬಳಸಬೇಡಿ, ತೊಗಟೆ ಕೊಯ್ದು ರಸ ತಡೆಯುತ್ತದೆ. ಕೊಂಬೆಗಳು ಒಂದರ ಮೇಲೊಂದು ಬೀಳದಂತೆ ಸುತ್ತಲೂ ಹರಡಿ. ಎಲೆ ಕಳೆದುಕೊಂಡ ಮೇಲ್ಮೈಗೆ ಬಿಸಿಲು ನೇರ ಬಡಿದು ತೊಗಟೆ ಬಿರಿಯಬಹುದು, ತೆಳ್ಳಗೆ ಸುಣ್ಣ ಬಳಿಯುವುದು ಒಳ್ಳೆಯದು.

ಕಟ್ಟಿದ ಮೇಲೆ ನೀರು ಕೊಡಿ. ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಚಿಗುರು ಅರ್ಧ ಇಂಚು ದಾಟಿದ ಮೇಲೆ ಕಟ್ಟು ಬಿಚ್ಚಿ. ಅದಕ್ಕೆ ಮೊದಲೇ ಬಿಚ್ಚಿದರೆ ಕೊಂಬೆ ಎದ್ದು ನಿಂತು ಮತ್ತೆ ತುದಿಯೇ ಮುಂದಾಗುತ್ತದೆ. ಬಿಚ್ಚಿದ ನಂತರ ಕೊಂಬೆ ಸ್ವಲ್ಪ ಮೇಲೇಳುವುದು ಸಹಜ, ಕಾಯಿ ತೂಕ ಬಂದಾಗ ತಾನೇ ಇಳಿಯುತ್ತದೆ. ಬುಡದ ಹತ್ತಿರ ನೆಟ್ಟಗೆ ನುಗ್ಗುವ ಚಿಗುರನ್ನು ಎಳೆಯದಾಗಿರುವಾಗಲೇ ಚಿವುಟಿ. ಬಲಿತರೆ ಕತ್ತರಿಯೇ ಬೇಕು.