ಸುರುಳಿ ಸುತ್ತುವ ಉಲ್ಲನ್ ಅಂಚಿಗೆ ಬರೀ ಹಬೆ ಸಾಕು
ಉಲ್ಲನ್ ದಾರದಲ್ಲಿ ಹೆಣೆದ ಟೇಬಲ್ ಮ್ಯಾಟ್, ಮಫ್ಲರ್, ತೋರಣದ ಅಂಚು ಸುರುಳಿ ಸುತ್ತುತ್ತಿದೆಯಾ? ದಪ್ಪ ಟವೆಲ್ ಮೇಲೆ ಹರಡಿ, ಸುತ್ತಲೂ ತುಕ್ಕು ಹಿಡಿಯದ ಗುಂಡುಪಿನ್ ಚುಚ್ಚಿ, ಸ್ಟೀಮ್ ಇಸ್ತ್ರಿಪೆಟ್ಟಿಗೆಯನ್ನು ಒಂದು ಇಂಚು ಮೇಲೆ ಹಿಡಿದು ಹಬೆ ಮಾತ್ರ ಕೊಡಿ. ಇಸ್ತ್ರಿ ದಾರಕ್ಕೆ ತಾಗಲೇಬಾರದು. ಪೂರ್ತಿ ತಣ್ಣಗಾಗಿ ಒಣಗಿದ ಮೇಲೆ ಪಿನ್ ತೆಗೆಯಿರಿ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವ ಅಗ್ಗದ ದಾರ ಸಾಮಾನ್ಯವಾಗಿ ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್ಕೇ. ಬಿಸಿಗೆ ಮೆತ್ತಗಾಗಿ, ಆರುವಾಗ ಯಾವ ಆಕಾರದಲ್ಲಿದೆಯೋ ಅದರಲ್ಲೇ ಕೂರುತ್ತದೆ. ಆಮೇಲೆ ತಣ್ಣೀರಲ್ಲಿ ಒಗೆದರೂ ಆಕಾರ ಹೆಚ್ಚು ಕೆಡುವುದಿಲ್ಲ. ಆದರೆ ಹಬೆ ಜಾಸ್ತಿಯಾದರೆ ದಾರ ಜೋತುಬಿದ್ದು ಹೊಳೆಯುತ್ತದೆ, ಅದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ. ಮೊದಲು ಸಣ್ಣ ತುಂಡಿನ ಮೇಲೆ ನೋಡಿ. ಸ್ವೆಟರಿನ ಕೈಪಟ್ಟಿ, ಸೊಂಟಪಟ್ಟಿಗೆ ಇದು ಬೇಡವೇ ಬೇಡ, ಎಳೆದರೆ ಹಿಗ್ಗಿ ಕುಗ್ಗುವ ಗುಣವೇ ಹೋಗುತ್ತದೆ. ನಿಜವಾದ ಉಣ್ಣೆಗೂ ಈ ಉಪಾಯ ನಿಲ್ಲುವುದಿಲ್ಲ, ಒಗೆದರೆ ಮತ್ತೆ ಮೊದಲಿನಂತೆ. ಯಾವುದು ಅಂತ ಅನುಮಾನವಿದ್ದರೆ ಒಂದೆಳೆ ದಾರವನ್ನು ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಆ ಹೊಗೆ ಮಾತ್ರ ಮೂಸಬೇಡಿ.