ದುಬೈಯಲ್ಲಿ ಮನೆ ಹಿಡಿಯುವ ಕಲಬುರಗಿಯವರಿಗೆ

ಶರಣಬಸವೇಶ್ವರರ ಜಾತ್ರೆಗೆ ಊರಿಗೆ ಬಂದಾಗಲೆಲ್ಲ ದುಬೈಗೆ ಹೊರಟ ಹುಡುಗರು ಸಂಬಳದ ಬಗ್ಗೆ, ವೀಸಾದ ಬಗ್ಗೆ ಕೇಳುತ್ತಾರೆ. ಮನೆಯ ಬಗ್ಗೆ ಕೇಳುವವರು ಕಡಿಮೆ. ಕಲಬುರಗಿಯ ಬ್ರಹ್ಮಪುರದಲ್ಲಿ ಮಾಲೀಕರ ಜೊತೆ ಚಹಾ ಕುಡಿದು, ಅಡ್ವಾನ್ಸ್ ಕೊಟ್ಟು, ಕೀಲಿಕೈ ತೆಗೆದುಕೊಂಡು ಬರುವವರು ನಾವು. ದುಬೈಯಲ್ಲಿ ಬಾಯಿಮಾತು ನಡೆಯುವುದಿಲ್ಲ.

ನಮ್ಮವರು ಹೆಚ್ಚಾಗಿ ನೋಡುವುದು ಹಳೆಯ ದುಬೈಯನ್ನು, ಅಂದರೆ ಊರೊಳಗೆ ಚಾಚಿದ ಸಮುದ್ರದ ಖಾರಿಯ ಎರಡು ದಡದ ಬರ್ ದುಬೈ ಮತ್ತು ದೇರಾ. ಅಲ್ ಫಹಿದಿ ಎಂಬ ಹಳೆಯ ಕೇರಿಯ, ಗಾಳಿ ಹಿಡಿಯುವ ಗೋಪುರಗಳುಳ್ಳ ತಗ್ಗು ಮನೆಗಳಿಂದ ನಾಲ್ಕು ಹೆಜ್ಜೆ ನಡೆದರೆ ಬಹುಮಹಡಿ ಕಟ್ಟಡಗಳು. ಅಲ್ಲಿ ಬಾಡಿಗೆ ಹೇಳುವುದು ವರ್ಷದ ಲೆಕ್ಕದಲ್ಲಿ. ಕೊಡುವುದು ಮುಂದಿನ ದಿನಾಂಕ ಹಾಕಿದ ಚೆಕ್ಕುಗಳಲ್ಲಿ. ವರ್ಷಕ್ಕೆ 60,000 ದಿರ್ಹಮ್, ನಾಲ್ಕು ಚೆಕ್ ಎಂದುಕೊಳ್ಳಿ. ಮೊದಲ ಚೆಕ್ 15,000, ಸಾಮಾನಿಲ್ಲದ ಮನೆಗೆ ವಾಡಿಕೆಯಂತೆ ಶೇ. 5 ಠೇವಣಿ 3,000, ದಲ್ಲಾಳಿಗೂ 3,000, ವಿದ್ಯುತ್ ಮತ್ತು ನೀರಿನ ಠೇವಣಿ 2,000. ಒಳಗೆ ಕಾಲಿಡುವ ಮುನ್ನವೇ 23,000 ಕೈಯಲ್ಲಿರಬೇಕು. ಬಾಡಿಗೆಯ ಶೇ. 5ರಷ್ಟು ವಸತಿ ಶುಲ್ಕ ಬೇರೆ. ಅದು ಕರೆಂಟ್ ಬಿಲ್ಲಿನಲ್ಲೇ ತಿಂಗಳಿಗೆ 250ರಂತೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ ಇಜಾರಿ. ಕರಾರನ್ನು ಸರ್ಕಾರದಲ್ಲಿ ನೋಂದಾಯಿಸುವ ವ್ಯವಸ್ಥೆಯ ಹೆಸರು ಅದು. ನಮ್ಮ ಕಡೆ ನಿಜಾಮರ ಕಾಲದಿಂದ ಉಳಿದಿರುವ ‘ಇಜಾರಾ’ ಪದಕ್ಕೂ ಇದಕ್ಕೂ ಅರಬ್ಬಿಯ ಬೇರು ಒಂದೇ. ಇಜಾರಿ ಇಲ್ಲದೆ ನಿಮ್ಮ ಹೆಸರಿಗೆ ಕರೆಂಟ್ ಸಿಗುವುದಿಲ್ಲ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲೂ ಅದು ಬೇಕು. ನನ್ನ ಮೊದಲ ಮನೆಗೆ ಒಬ್ಬ ದಲ್ಲಾಳಿಯ ಕೈಗೆ ನಗದು ಕೊಟ್ಟೆ. ವಾರ ಕಳೆಯುವುದರೊಳಗೆ ಅವನ ಫೋನ್ ಬಂದ್. ಕೈಯಲ್ಲಿ ರಸೀದಿಯೂ ಇರಲಿಲ್ಲ. ಆ ನೋವು ನಿಮಗೆ ಬೇಡ. ಮಾಲೀಕರ ಹಕ್ಕುಪತ್ರ ನೋಡಿ, ಚೆಕ್ಕನ್ನು ಅದರಲ್ಲಿರುವ ಹೆಸರಿಗೇ ಬರೆಯಿರಿ. ಚೆಕ್ಕಿನಲ್ಲಿ ಹಾಕಿದ ದಿನಕ್ಕೆ ಖಾತೆಯಲ್ಲಿ ಹಣ ಇರಲೇಬೇಕು. ಮರಳಿದ ಚೆಕ್ ಹಿಡಿದು ಮಾಲೀಕರು ನೇರವಾಗಿ ನ್ಯಾಯಾಲಯದ ಜಾರಿ ವಿಭಾಗಕ್ಕೆ ಹೋಗಬಹುದು.

ಎಸಿಯ ತಂಪು ಗಾಳಿಯ ಖರ್ಚು ಯಾರದು ಎಂದು ಮರೆಯದೆ ಕೇಳಿ. ಕೆಲವು ಕಟ್ಟಡಗಳಲ್ಲಿ ಅದು ಬಾಡಿಗೆಯಲ್ಲೇ ಸೇರಿರುತ್ತದೆ, ಕೆಲವೆಡೆ ಪ್ರತ್ಯೇಕ ಬಿಲ್ ಬರುತ್ತದೆ. ಕಲಬುರಗಿಯ ಬಿಸಿಲು ಕಂಡವರಿಗೆ ಸೆಕೆ ಹೊಸದಲ್ಲ, ಆದರೆ ಇಲ್ಲಿ ಮಾಳಿಗೆಯ ಮೇಲೆ ಮಲಗಿದರೆ ಸರಿರಾತ್ರಿಗಾದರೂ ಒಂದು ಗಾಳಿ ಬೀಸುತ್ತದೆ. ಅಲ್ಲಿ ಜುಲೈ ರಾತ್ರಿಯೂ ಬೇಯುತ್ತದೆ. ಹಳೆಯ ಕಟ್ಟಡಕ್ಕೆ ಕಾರು ನಿಲ್ಲಿಸುವ ಜಾಗವಿದೆಯೇ ಎಂಬುದನ್ನೂ ನೋಡಿ.

ಬಾಡಿಗೆ ಏರಿಸಲು ಮಾಲೀಕರು ಕರಾರು ಮುಗಿಯುವ 90 ದಿನ ಮೊದಲು ತಿಳಿಸಬೇಕು. 2013ರ ಆದೇಶದ ಪ್ರಕಾರ ಒಮ್ಮೆಗೆ ಶೇ. 20ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ನಿಮ್ಮ ಬಾಡಿಗೆ ಮಾರುಕಟ್ಟೆ ದರಕ್ಕಿಂತ ಶೇ. 10ರೊಳಗೆ ಮಾತ್ರ ಕಡಿಮೆಯಿದ್ದರೆ ಏರಿಸುವಂತೆಯೇ ಇಲ್ಲ. ಮಾರಾಟಕ್ಕೋ ಸ್ವಂತ ವಾಸಕ್ಕೋ ಮನೆ ಬಿಡಿಸಲು 12 ತಿಂಗಳ ನೋಟಿಸ್ ಬೇಕು, ಅದೂ ನೋಟರಿ ಅಥವಾ ನೋಂದಾಯಿತ ಅಂಚೆಯ ಮೂಲಕ. ವಾಟ್ಸಾಪ್ ಸಂದೇಶ ಬಂದರೆ ಹೆದರಿ ಗಂಟು ಕಟ್ಟಬೇಡಿ.

ಪಡಸಾಲೆಗೆ ಹಲಗೆ ಅಡ್ಡ ಇಟ್ಟು ಆರೇಳು ಜನ ಇರುವ ಮನೆಗೆ ಊರಿನ ಗೆಳೆಯರೇ ಕರೆದರೂ ಹೋಗಬೇಡಿ. ತಪಾಸಣೆ ಬಂದ ದಿನ ಸಾಮಾನಿನ ಸಮೇತ ಬೀದಿಗೆ ಬೀಳುವವರು ಒಳಗಿದ್ದವರೇ.