ಮಳೆಗಾಲಕ್ಕೆ ಮೊದಲು ಅಡುಗೆಮನೆ ಸಾಮಾನು ಜೋಡಿಸೋದು ಹೇಗೆ

ನಮ್ಮ ಕಾಸರಗೋಡು ಕಡೆ ಮಳೆ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ, ಜೂನ್ ಬಂದ್ರೆ ಉಪ್ಪು ನೀರಾಗ್ತದೆ, ಹಪ್ಪಳ ಮೆತ್ತಗಾಗ್ತದೆ, ಹಾಗಾಗಿ ಮೇ ತಿಂಗಳ ಬಿಸಿಲಲ್ಲೇ ಈ ಕೆಲಸ ಮುಗಿಸಿ.

ಮೊದಲು ಎಲ್ಲಾ ಡಬ್ಬ ಕೆಳಗಿಳಿಸಿ, ತೊಳೆದು ಬಿಸಿಲಿಗಿಡಿ, ಒಂದು ಹನಿ ನೀರಿನ ಪಸೆ ಉಳಿದ್ರೂ ಬೂಷ್ಟು ಬರೋದು ಗ್ಯಾರಂಟಿ. ಬೇಳೆ, ಒಣಮೆಣಸು, ಕೊತ್ತಂಬರಿ ಎಲ್ಲಾ ಒಣಗಿಸಿ, ಪೂರ್ತಿ ತಣಿದ ಮೇಲೆನೇ ತುಂಬಿಸಿ, ಬಿಸಿ ಇರುವಾಗ ಮುಚ್ಚಿದ್ರೆ ಒಳಗೆ ಬೆವರ್ತದೆ. ರವೆ ಹುರಿದಿಡಿ, ಇಲ್ಲಾ ಫ್ರೀಜರಲ್ಲಿ ನಾಲ್ಕು ದಿನ ಇಟ್ಟು ತೆಗೀರಿ, ಹುಳದ ಮೊಟ್ಟೆ ಸಾಯ್ತದೆ. ಉಪ್ಪು, ಹುಣಸೆಹುಳಿ ಮಾತ್ರ ಭರಣಿ ಅಥವಾ ಗಾಜಿಗೆ, ಸ್ಟೀಲ್ ಬೇಡವೇ ಬೇಡ, ತುಕ್ಕು ಹಿಡೀತದೆ.

ಕುಚ್ಚಲಕ್ಕಿ ಡ್ರಮ್ ನೆಲಕ್ಕೆ ತಾಗದ ಹಾಗೆ ಮರದ ಹಲಗೆ ಮೇಲಿಡಿ, ಗೋಡೆಯಿಂದ ಸ್ವಲ್ಪ ದೂರ. ದಿನಾ ಬೇಕಾದ್ದು ಕೈಗೆಟಕುವಲ್ಲಿ, ಹಲಸಿನ ಹಪ್ಪಳ, ಮಾಂಬಳ (ಒಣಗಿಸಿದ ಮಾವಿನ ರಸ), ಸಂಡಿಗೆ ಮೇಲಿನ ಶೆಲ್ಫಿಗೆ. ಮಸಾಲೆ ಹುಡಿ ಒಲೆ ಪಕ್ಕ ಇಡ್ಬೇಡಿ, ಬಿಸಿಗೆ ಪರಿಮಳ ಹೋಗ್ತದೆ. ಹೊಸ ಸಾಮಾನು ಬಂದಾಗ ಹಳೇದನ್ನ ಮುಂದೆ ತನ್ನಿ, ಡಬ್ಬಕ್ಕೆ ತಾರೀಕು ಬರೆದು ಅಂಟಿಸಿ. ಇನ್ನು ಒದ್ದೆ ಚಮಚ, ದಯವಿಟ್ಟು ಯಾವ ಡಬ್ಬಕ್ಕೂ ಹಾಕ್ಬೇಡಿ, ಮಿಡಿ ಉಪ್ಪಿನಕಾಯಿಗಂತೂ ಮುಟ್ಟಿಸ್ಲೇಬೇಡಿ ಮಾರಾಯ್ರೆ.